ಅಳಿಯಕಟ್ಟಿನ ಮನೆಯಲ್ಲೊಂದು ರಿಟ್ ಅರ್ಜಿ

"ಮೂಡು ಕೋಣೆ ಖಾಲಿ ಮಾಡು. ನಿನ್ನ ಸವತಿಗೆ ಬೇಕು," ಎಂದು ಗಂಡನ ಅಕ್ಕ ಜಲಜಾಕ್ಷಿ ಹೇಳಿದಾಗ ಶಶಿಪ್ರಭಾಳ ಕೈಯಲ್ಲಿದ್ದ ಕಾಫಿ ಅರ್ಧ ನೆಲಕ್ಕೆ ಚೆಲ್ಲಿತು. ಮದುವೆಯಾಗಿ ಹತ್ತು ವರ್ಷ, ಮಡಿಲು ತುಂಬಲಿಲ್ಲ... ವಿಧವೆಯಾಗಿ ಮಗ ಚಿತ್ತರಂಜನನೊಂದಿಗೆ ತಮ್ಮನ ಉರ್ವದ ಮನೆ ಸೇರಿದ್ದ ಜಲಜಾಕ್ಷಿ ಅಂದಿನಿಂದ ಅವಳನ್ನು ಕುಟುಕುತ್ತಲೇ ಇದ್ದಳು. ಈಗ ತೀರಿಹೋದ ತನ್ನ ಗಂಡನ ಕಡೆಯ ಹುಡುಗಿಯೊಬ್ಬಳನ್ನು ತಮ್ಮನ ಕೊರಳಿಗೆ ಕಟ್ಟುವ ಹಟ!

ತಮ್ಮ ಶೀನಪ್ಪ ಬಂದರಿನ ತನ್ನ ಹೋಟೆಲಿನಲ್ಲಿ ಹುಲಿ, ಅಕ್ಕನ ಮುಂದೆ ಬೆಕ್ಕಿನ ಮರಿ. ತೊಡಕೆಂದರೆ, ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದೆಂದು ಮದರಾಸು ಸರಕಾರ ಕಾಯ್ದೆ ತಂದಿತ್ತು. ಹೊಸ ಸಂವಿಧಾನ ಬಂದಿದೆಯಲ್ಲ, ಆ ಕಾಯ್ದೆಯನ್ನೇ ಹೈಕೋರ್ಟಿನಲ್ಲಿ ರದ್ದು ಮಾಡಿಸುವ ಎಂದು ಧೈರ್ಯ ತುಂಬಿದವರು, ಬೊಂಬಾಯಿಯಲ್ಲಿ ಬೆಳೆದು ಆಗಷ್ಟೇ ಊರಿಗೆ ಬಂದಿದ್ದ ವಾಲ್ಟರ್ ವಕೀಲರು. ಅಂದಿನಿಂದ ಶೀನಪ್ಪ ಬನ್ಸ್ ತಿನ್ನಲು ಬಂದವರಿಗೆಲ್ಲ ಮೂಲಭೂತ ಹಕ್ಕನ್ನೂ ಬಡಿಸತೊಡಗಿದ.

ಆದಿತ್ಯವಾರ ವಕೀಲರು ಚಾವಡಿಯಲ್ಲಿ ಕುಳಿತು ವಾದ ವಿವರಿಸಿದರು. ಗಂಡುಮಗನಿಲ್ಲದವನಿಗೆ ವಾರಸುದಾರನಿಲ್ಲ, ಸದ್ಗತಿಯಿಲ್ಲ. ಮಗನಿಗಾಗಿ ಮರುಮದುವೆ ಧರ್ಮ. ಧರ್ಮಕ್ಕೆ ಅಡ್ಡಬರುವ ಕಾಯ್ದೆ ಸಂವಿಧಾನಕ್ಕೆ ವಿರುದ್ಧ. ಶೀನಪ್ಪ ತಲೆದೂಗಿದ. ಬಾಗಿಲ ಮರೆಯಲ್ಲಿ ಶಶಿಪ್ರಭಾ ಎಲ್ಲವನ್ನೂ ಕೇಳುತ್ತಿದ್ದಳು.

"ವಾರಸುದಾರ ಇಲ್ಲ ಅಂದ್ರೆ ಎಂತ?" ಜಲಜಾಕ್ಷಿಯ ಮುಖ ಕಪ್ಪಿಟ್ಟಿತು. "ನನ್ನ ಚಿತ್ತರಂಜನ ಇಲ್ವಾ?"

ಅವರದು ಅಳಿಯಕಟ್ಟಿನ ಮನೆ. ಸೋದರಮಾವನ ಆಸ್ತಿಯೂ ಪಟ್ಟವೂ ಅಕ್ಕತಂಗಿಯರ ಮಗನಿಗೇ ಹೊರತು ಸ್ವಂತ ಮಗನಿಗಲ್ಲ. ಬೊಂಬಾಯಿಯ ಕೋರ್ಟಿನಲ್ಲಿ ಕೇಳಿದ್ದ ವಾದವನ್ನು ಇದ್ದ ಹಾಗೇ ಹೊತ್ತು ತಂದ ವಕೀಲರಿಗೆ ಅದು ನೆನಪಾಗಿರಲಿಲ್ಲ. ಹುಡುಗಿ ಹುಡುಕುವ ಗಡಿಬಿಡಿಯಲ್ಲಿ ಜಲಜಾಕ್ಷಿಗೂ ನೆನಪಾಗಿರಲಿಲ್ಲ! ವಕೀಲರು ಬೆವರೊರೆಸಿಕೊಂಡು, ಹಾಗಾದರೆ ಮಗನ ಮಾತು ಬಿಡುವ, ಎರಡನೇ ಮದುವೆಗೆ ಅಡ್ಡಿಯಿಲ್ಲದ ನಿಮ್ಮ ಹಿಂದಿನ ಕಟ್ಟಳೆಯೇ ಊರ್ಜಿತವಾಗಲಿ ಎಂದು ಕೇಳುವ ಎಂದರು.

ಆಗ ಶಶಿಪ್ರಭಾ ಹೊರಗೆ ಬಂದಳು.

"ಕಟ್ಟಳೆ ಬರುವುದಾದ್ರೆ ಪೂರ್ತಿ ಬರಲಿ. ನನ್ನ ಅಜ್ಜಿ ಸರಿಬಾರದ ಗಂಡನನ್ನು ಬಿಟ್ಟು ತಾಯಿಮನೆಗೆ ಹೋಗಿ ಇನ್ನೊಂದು ಮದುವೆಯಾದವರು. ಯಾರೂ ಒಂದು ಮಾತು ಆಡಲಿಲ್ಲ. ನನಗೂ ಹಾಗೆ ಹೋಗ್ಲಿಕ್ಕೆ ಉಂಟಾ, ವಕೀಲರೇ?"

ಮದುವೆಯೆಂದರೆ ಸಾಯುವ ತನಕ ಒಂದೇ ಎಂದು ಇಗರ್ಜಿಯಲ್ಲಿ ಕಲಿತಿದ್ದ ವಾಲ್ಟರ್ ವಕೀಲರು ತಡವರಿಸಿದರು. "ಸಮಾನತೆ ಅಂತ ಉಂಟಲ್ಲ... ನಿಮಗೂ ಉಂಟು."

ಇಬ್ಬರು ಹೆಂಡಿರ ಕನಸು ಕಂಡಿದ್ದ ಶೀನಪ್ಪನಿಗೆ, ಒಬ್ಬಳೂ ಇಲ್ಲದಿರಬಹುದೆಂಬುದು ಹೊಳೆದದ್ದೇ ಆಗ. ವಕೀಲರು ಹೋದ ಮೇಲೆ ಅವನು ಅಡಿಗೆಮನೆಗೆ ಬಂದು ನೆಲದಲ್ಲಿ ಕುಕ್ಕರಿಸಿದ.

"ನೀನು ನಿಜವಾಗಿ ಹೋಗ್ತೀಯಾ?"

"ಹತ್ತು ವರ್ಷ ಬಂಜೆ ಅಂತ ಕೇಳಿಸಿಕೊಂಡದ್ದು ನಿಮ್ಮ ಮುಖ ನೋಡಿ. ನೀವೇ ಮುಖ ತಿರುಗಿಸಿದ ಮೇಲೆ ಇಲ್ಲಿ ನನಗೆ ಎಂತ ಉಂಟು?" ಎಂದವಳ ಕಣ್ಣೀರು ಈಗ ಕಟ್ಟೆಯೊಡೆಯಿತು...

ಶೀನಪ್ಪನೂ ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿ ಅತ್ತ. ಅರ್ಜಿ ಬೇಡ, ಏನೂ ಬೇಡ ಎಂದ.

"ನನ್ನ ಹತ್ತಿರ ಅಲ್ಲ. ಅಕ್ಕನ ಹತ್ತಿರ ಹೇಳಿ."

ಸರಕಾರದ ಮೇಲೆ ದಾವೆ ಹೂಡಲು ಹೊರಟಿದ್ದ ಗಂಡಸಿಗೆ ಚಾವಡಿಗೆ ಹೋಗಲು ಕಾಲೇ ಬರಲಿಲ್ಲ. ಕೊನೆಗೂ ಹೋದ.

"ಅಕ್ಕ, ಇನ್ನು ಶಶಿಗೆ ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ?" ಜಲಜಾಕ್ಷಿ ಹುಬ್ಬೇರಿಸಿದಳು.

ಶೀನಪ್ಪ ಬಾಗಿಲ ಕಡೆ ತಿರುಗಿ ನೋಡಿದ. ಅಲ್ಲಿ ಶಶಿಪ್ರಭಾ ನಿಂತಿದ್ದಳು.

"ನಾನೂ ಅವಳ ಸಂಗಡ ಅವಳ ತಾಯಿಮನೆಗೆ ಹೋಗ್ತೇನೆ."