ಗಾಜಿನ ವಿಂಡೋ ಹಿಂದಿನ ಹಳದಿ

ಮೀಟಿಂಗ್ ರೂಮಿನ ಗೋಡೆ ತುಂಬಿದ ಪರದೆಯ ಮೇಲೆ ಮಸುಕು ಹಳದಿ ಬಣ್ಣ ಮೂಡಿದ ಕೂಡಲೇ ನಿಶಾಂತನ ಕೈ ಮೌಸ್ ಮೇಲೆ ನಿಂತುಬಿಟ್ಟಿತು.

ಗಚ್ಚಿಬೌಲಿಯ ಅವನ ಕಂಪನಿ ಹೊಸದೊಂದು ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿತ್ತು. ಅದರ ವಿಂಡೋಗಳು ಮಂಜು ಕವಿದ ಗಾಜಿನಂತಿರಬೇಕು, ಹಿಂದಿರುವುದು ಮಸುಕಾಗಿ ಕಾಣುತ್ತಿರಬೇಕು ಎಂದು ನೆರಳು, ಬಣ್ಣ, ದುಂಡು ಅಂಚುಗಳನ್ನೆಲ್ಲ ಡಿಸೈನ್ ಮಾಡಿದವಳು ಮೈಸೂರಿನ ಶಾಂಭವಿ. ಅದನ್ನು ನೋಡಿ ಪಾಸ್ ಮಾಡಿ, ಕೋಡ್‌ಗೆ ಇಳಿಸಿದವನು ಕಲಬುರಗಿಯ ನಿಶಾಂತ. ಡೆಮೊಗೆ ಇಟ್ಟಿದ್ದ ಕಂಪ್ಯೂಟರ್ ಬೆಳಿಗ್ಗೆ ಕೈಕೊಟ್ಟಿತ್ತು. ಅವಸರದಲ್ಲಿ ಅವನು ತನ್ನದೇ ಲ್ಯಾಪ್‌ಟಾಪ್ ತಂದು ಜೋಡಿಸಿದ್ದ. ಅದರ ವಾಲ್‌ಪೇಪರ್ ಯಾವುದೆಂದು ಈಗ ನೆನಪಾಯಿತು.

"ಬ್ಲರ್ ಭಾಳ ಆಗೇತಿ. ಸ್ವಲ್ಪ ಕಡಿಮಿ ಮಾಡ್ರಿ," ಅಂದರು ಟೀಮ್ ಲೀಡ್ ಹಣಮಂತರಾಯರು.

ಅವನು ಮಬ್ಬನ್ನು ಕೂದಲೆಳೆಯಷ್ಟು ಇಳಿಸಿದ.

"ಇದು ನಾನು ಕೇಳಿದ ಗ್ಲಾಸ್ ಅಲ್ಲ ನಿಶಾಂತ್." ಪಕ್ಕದಲ್ಲಿದ್ದ ಶಾಂಭವಿ ನಕ್ಕಳು. ನಕ್ಕಾಗ ಅವಳ ಎಡಗಣ್ಣು ತುಸು ಹೆಚ್ಚು ಕಿರಿದಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. "ಇನ್ನೂ ಇಳಿಸಿ. ಏನು ಸಂಕೋಚ?"

"ಇಷ್ಟ ಸಾಕಲ್ರಿ?"

"ಕೊಡಿ ಇಲ್ಲಿ." ಅವಳೇ ಬಾಗಿ ಸ್ಲೈಡರ್ ಎಳೆದಳು.

ಹಳದಿ ದುಪಟ್ಟಾ ಆಯಿತು. ಮಬ್ಬು ಕರಗಿ ಭುಜ, ಜಡೆ, ಕೊನೆಗೆ ಗೋಲ್ಕೊಂಡಾ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದ ಶಾಂಭವಿಯ ಮುಖ. ಆಫೀಸಿನವರೆಲ್ಲ ಹೋಗಿದ್ದಾಗ ತೆಗೆದ ಗುಂಪು ಫೋಟೊದಿಂದ ಅವಳೊಬ್ಬಳನ್ನೇ ಕತ್ತರಿಸಿಕೊಂಡದ್ದು.

ಯಾರೋ ಕೆಮ್ಮಿದರು. ಶಾಂಭವಿ ಎದ್ದು ಹೊರಗೆ ಹೋದಳು. ನಿಶಾಂತನಿಗೆ ಕಿವಿಯವರೆಗೂ ಬಿಸಿಯೇರಿತು. ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳೋಣ ಅನಿಸಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಹೋದ್ಯೋಗಿ ತರುಣ ಮೇಜಿನವರಿಗೆಲ್ಲ ಕೇಳುವಂತೆ ಹೇಳಿದ: "ಶಾಂಭವಿ ಡಿಸೈನ್ ಒಂದೇ ಸಲಕ್ಕೆ ಹೇಗೆ ಪಾಸ್ ಆಗುತ್ತೆ ಅಂತ ಈಗ ಗೊತ್ತಾಯ್ತು."

ನಗು ಎದ್ದಿತು. ತಟ್ಟೆ ಹಿಡಿದು ಬರುತ್ತಿದ್ದ ಶಾಂಭವಿ ಅದನ್ನು ಅಲ್ಲೇ ಇಟ್ಟು ತಿರುಗಿ ನಡೆದಳು.

ತನ್ನ ಮಾನ ಹೋಯಿತೆಂದೇ ಬೆಳಗಿನಿಂದ ಕೊರಗುತ್ತ ಪಕ್ಕದ ಮೇಜಿನಲ್ಲಿ ಕೂತಿದ್ದ ನಿಶಾಂತನಿಗೆ, ಪೆಟ್ಟು ಬಿದ್ದದ್ದು ಅವಳಿಗೆ ಎಂದು ಆಗ ಹೊಳೆಯಿತು. ಅವನು ಎದ್ದು ನಿಂತ.

"ಆಕಿಗೆ ಏನೂ ಗೊತ್ತಿರಲಿಲ್ಲ ತರುಣ. ಆಕಿನ್ನ ಕೇಳದೇ ಫೋಟೊ ಇಟ್ಕೊಂಡಾಂವ ನಾನು. ನಗೂದಿದ್ರ ನನ್ನ ನೋಡಿ ನಗ್ರಿ. ಆಕಿ ಕೆಲಸಕ್ಕ ಹೆಸರಿಡಬ್ಯಾಡ್ರಿ."

ಯಾರೂ ನಗಲಿಲ್ಲ.

ಸಂಜೆ ಗೇಟಿನ ಬಳಿ ಅವಳು ಕ್ಯಾಬಿಗೆ ಕಾಯುತ್ತಿದ್ದಳು. ನಿಶಾಂತ ತನ್ನ ಬೂಟು ನೋಡುತ್ತ ನಿಂತ.

"ತಪ್ಪಾಗೇತ್ರಿ. ಫೋಟೊ ಅಳಿಸೀನಿ. ಬ್ಯಾರೆ ಟೀಮಿಗೆ ಹೋಗ್ತೀನಿ."

"ನನ್ನನ್ನ ಒಂದು ಮಾತು ಯಾಕೆ ಕೇಳಲಿಲ್ಲ?"

"ಬ್ಯಾಡ ಅಂತೀರಿ ಅಂತ ಹೆದರಿಕಿ. ನಿಮ್ಮ ಮ್ಯಾಲೆ ಮನಸ್ಸಾಗೇತಿ. ಅದನ್ನ ಎದುರಿಗೆ ಹೇಳಾಕ ಧೈರ್ಯ ಸಾಲಲಿಲ್ಲ."

ಕ್ಯಾಬ್ ಬಂದು ನಿಂತಿತು. "ದೋ ಮಿನಿಟ್ ಭಯ್ಯಾ," ಎಂದು ಡ್ರೈವರಿಗೆ ಕಾಯಲು ಹೇಳಿದಳು. ಆಮೇಲೆ ಇವನತ್ತ ತಿರುಗಿದಳು.

"ನೀವು ಟೀಮ್ ಬಿಟ್ಟರೆ ನಾನು ಓಡಿಸಿದೆ ಅಂತಾರೆ. ತಲೆ ತಗ್ಗಿಸಿ ಓಡಾಡಿದರೆ ಏನೋ ಕೆಟ್ಟದ್ದು ನಡೆದಿದೆ ಅಂತಾರೆ. ನನ್ನ ಕೋಪ ಇನ್ನೂ ಹೋಗಿಲ್ಲ." ಕ್ಯಾಬಿನ ಬಾಗಿಲಿಗೆ ಒರಗಿದಳು. "ಕ್ಯಾಂಟೀನಿನಲ್ಲಿ ನೀವು ಆಡಿದ ಮಾತು ಬಾಗಿಲ ಹತ್ತಿರ ನಿಂತು ಕೇಳಿದೆ. ನಿಮ್ಮ ಮನಸ್ಸಿನಲ್ಲಿರೋದನ್ನ ಹೇಳ್ತೀರ ಅಂತ ಎಷ್ಟೋ ದಿನದಿಂದ ಕಾಯ್ತಿದ್ದೆ. ಹೀಗೆ ಗೋಡೆ ತುಂಬ ಹೇಳ್ತೀರ ಅಂದುಕೊಂಡಿರಲಿಲ್ಲ."

ಅವನು ಬೂಟಿನಿಂದ ಕಣ್ಣೆತ್ತಿ ಅವಳನ್ನು ನೋಡಿದ.

"ನಾಳೆ ನನ್ನ ಪಕ್ಕ ಕೂತು ಊಟ ಮಾಡಿ."

"ಎಲ್ಲಾರೂ ನೋಡ್ತಾರ್ರಿ."

"ಅದಕ್ಕೇ ಹೇಳಿದ್ದು."

ಮರುದಿನ ಊಟಕ್ಕೆ ತರುಣನ ಎದುರಿಗೇ ಅವಳು ನಿಶಾಂತನಿಗೊಂದು ಕುರ್ಚಿ ಎಳೆದಳು. ಅವನ ಮುಖ ಕೆಂಪಾಗಿತ್ತು; ಆದರೂ ಕೂತ. ಅವಳು ಗೋಂಗೂರ ಸೊಪ್ಪಿನ ಚಟ್ನಿಯನ್ನು ಅವನತ್ತ ಸರಿಸಿದಳು.

"ಖಾರ ಇದೆ, ನೋಡ್ಕೊಂಡು ತಿನ್ನು," ಅಂದಳು.

ಅವಳು ಬಹುವಚನ ಬಿಟ್ಟದ್ದು ಮೇಜಿನ ಸುತ್ತ ಎಲ್ಲರಿಗೂ ಕೇಳಿಸಿತು.