ಮೇಷ್ಟ್ರ ಬೆರಳು ನಗಲಿಲ್ಲ

ಮೊಳೆ ಹೊಡೆಯುವ ಗನ್ನು ನನ್ನ ಕಿವಿಗೆ ಒತ್ತಿತ್ತು.

“ಅಲ್ಲಾಡ್ಬೇಡ ಗುರು… ಇದರ ಟ್ರಿಗರ್ ಸ್ವಲ್ಪ ಲೂಸು!”

ಹೇಳಿದವನು ಮಹಾನಂದ. ನಗರ್ತಪೇಟೆಯಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವವನು. ಅವನ ತೋಳು ನನ್ನ ತೊಡೆಯಷ್ಟು ದಪ್ಪ.

“ಪೇಂಟಿಂಗ್ ಎಲ್ಲಿ?” ಎಂದೆ.

“ಯಾವ ಪೇಂಟಿಂಗು?”

ಒಳ್ಳೆಯ ನಟ. ಆದರೆ ಕಣ್ಣು ಬಾಗಿಲ ಕಡೆ ಓಡುತ್ತಿತ್ತು…

ನಾನು ಶಶಿ. ಬಸವನಗುಡಿಯಲ್ಲಿ ಒಂದು ಕೋಣೆ, ಒಂದು ಟೇಬಲ್ಲು. ಕಳೆದುಹೋದದ್ದನ್ನು ಹುಡುಕಿಕೊಡುತ್ತೇನೆ. ಆ ಬೆಳಿಗ್ಗೆ ಹೇಮಶ್ರೀ ಬಂದಿದ್ದಳು. ತರಕಾರಿ ವ್ಯಾಪಾರಿಯ ಮಗಳು. ಚಾಮರಾಜಪೇಟೆಯ ವರದರಾಜ ಮೇಷ್ಟ್ರ ಚಿತ್ರಶಾಲೆಯಲ್ಲಿ ಆರು ವರ್ಷ ಕಲಿತವಳು. ಅವಳು ಬರೆದ ಚಿತ್ರವೊಂದು ಶಾಲೆಯಿಂದ ಮಾಯವಾಗಿ ಎರಡು ದಿನ. ಸಂಜೆ ಐದಕ್ಕೆ ಅವಳ ಮೊದಲ ಪ್ರದರ್ಶನ!

ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಹಳೆಯ ಗುಹೆಗಳ ಗೋಡೆಚಿತ್ರದ ಶೈಲಿ. ರಾಜ, ಅವನ ಹೊಸ ರಾಣಿ. ಕಂಬದ ಹಿಂದೆ ಹಳೆಯ ರಾಣಿ, ಅಸೂಯೆಯಲ್ಲಿ ಬೇಯುತ್ತಿದ್ದಾಳೆ ಎಂದಳು.

“ಇವಳಿಗೆ ಅಸೂಯೆ ಅಂತೀಯ… ನಗ್ತಿದಾಳಲ್ಲಮ್ಮ?”

“ಮುಖ ಬಿಡಿ ಸಾರ್. ಆ ಕಾಲದವರು ಮೈಯೆಲ್ಲ ಮಾತಾಡೋ ಹಾಗೆ ಬರೀತಿದ್ರು. ಬೆರಳು ನೋಡಿ.”

ಬೆರಳುಗಳು ತಾವರೆಯ ದಂಟನ್ನು ಹಿಚುಕುತ್ತಿದ್ದವು.

ಆಮೇಲೆ ಒಂದು ವಿಡಿಯೊ. ಮೇಷ್ಟ್ರು ಎಲ್ಲರೆದುರು ಅವಳನ್ನು ಹೊಗಳುತ್ತಿದ್ದರು. “ಭಾವ ಅಂದ್ರೆ ಇದು!” ಬಾಯಿ ತುಂಬಾ ನಗು. ನಾನು ಅವರ ಬೆರಳು ನೋಡಿದೆ.

ಕೈಯಲ್ಲಿದ್ದ ಕುಂಚ ಲಟಕ್ಕನೆ ಮುರಿಯಿತು!

ಶಾಲೆಯಿಂದ ಚಿತ್ರ ಹೊತ್ತೊಯ್ದರೂ ಯಾರೂ ಅನುಮಾನಪಡದ ಮನುಷ್ಯ ಒಬ್ಬನೇ. ಶಾಲೆಯ ಚಿತ್ರಗಳಿಗೆಲ್ಲ ಫ್ರೇಮ್ ಹಾಕುವ ಮಹಾನಂದ.

ಹಾಗಾಗಿ ಈ ಗನ್ನು.

“ಮೇಷ್ಟ್ರು ಎಲ್ಲಾ ಒಪ್ಕೊಂಡ್ರು,” ಸುಳ್ಳು ಬಿಟ್ಟೆ.

“ಒಪ್ಕೊಂಡ್ರಾ?!”

ಗನ್ನು ಒಂದಿಂಚು ಸರಿಯಿತು. ಸಾಕು! ಮೊಣಕೈಯಿಂದ ಗುದ್ದಿದೆ. ಮೊಳೆ ಸೂರಿಗೆ ಬಡಿಯಿತು. ಮಹಾನಂದ ಬೀದಿಗೆ ಹಾರಿದ!

ನಗರ್ತಪೇಟೆ ದಾಟಿ ಮಾಮೂಲ್‌ಪೇಟೆ. ಸ್ಕೂಟರು, ಹಮಾಲರು, ಬೈಗುಳ… ಬಟ್ಟೆ ಮೂಟೆಗಳ ಕೈಗಾಡಿಯೊಂದು ಗಲ್ಲಿಗೆ ಅಡ್ಡ ಬಂತು. ಅವನು ಮೂಟೆಯ ಮೇಲೆ ಬಿದ್ದ. ನಾನು ಅವನ ಮೇಲೆ ಬಿದ್ದೆ.

“ಅಯ್ಯೋ ಬಿಡು! ಮೇಷ್ಟ್ರ ಮನೇಲಿದೆ! ಎರಡು ದಿನ ಇಟ್ಕೊಂಡು ವಾಪಸ್ ಕೊಡ್ತೀನಿ ಅಂದಿದ್ರು…”

ಹೇಮಶ್ರೀಗೆ ಫೋನ್ ಮಾಡಿದೆ. ನಾಲ್ಕು ಗಂಟೆಗೆ ಇಬ್ಬರೂ ಮೇಷ್ಟ್ರ ಮನೆಯ ಬಾಗಿಲು ತಳ್ಳಿದೆವು.

“ಬರ್ಬೇಡಿ! ಸೀಳ್ಬಿಡ್ತೀನಿ!”

ಮೇಷ್ಟ್ರ ಕೈಯಲ್ಲಿ ಬ್ಲೇಡು. ಬ್ಲೇಡಿನ ತುದಿ ಹೇಮಶ್ರೀಯ ಚಿತ್ರದ ಹಳೆಯ ರಾಣಿಯ ಕತ್ತಿನ ಮೇಲೆ.

“ಯಾಕ್ ಸಾರ್?” ಎಂದಳು ಹೇಮಶ್ರೀ.

“ನಲವತ್ತು ವರ್ಷ ಕಣೇ! ಅಸೂಯೆ ಹೆಂಗೆ ಬರೀಬೇಕು ಅಂತ ಪಾಠ ಮಾಡ್ದೆ. ನಾನು ಬರೆದಿದ್ದೆಲ್ಲ ಬರೀ ಬೊಂಬೆ. ನೀನು ಇಪ್ಪತ್ತಾರಕ್ಕೇ ಬರೆದ್ಬಿಟ್ಟೆ! ನಿನ್ನ ಗೆರೆ ಎಲ್ಲಿಂದ ಹುಟ್ಟತ್ತೆ ಅಂತ ನೋಡ್ಬೇಕಿತ್ತು… ಅಷ್ಟೇ…”

ಅವರ ಹಿಂದೆ ಇನ್ನೊಂದು ಚಿತ್ರ. ಬಣ್ಣ ಇನ್ನೂ ಹಸಿ. ನಕಲು ಮಾಡಲು ಹೊರಟಿದ್ದರು. ಅದೇ ರಾಜ, ಅದೇ ಕಂಬ. ಆದರೆ ರಾಣಿ ಬೇರೆಯವಳು! ಹೊರಡಲೆಂದು ಒಂದು ಹಿಮ್ಮಡಿ ಎತ್ತಿದ್ದಾಳೆ… ರಾಜನನ್ನು ತಿರುಗಿ ನೋಡದೆ ಹೋಗಲಾರಳು. ಮೇಷ್ಟ್ರ ಎರಡು ದಿನದ ಹೊಟ್ಟೆಯುರಿ ಅಷ್ಟೂ ಆ ಹಿಮ್ಮಡಿಯಲ್ಲಿತ್ತು.

ಹೇಮಶ್ರೀ ಬ್ಲೇಡನ್ನು ಲೆಕ್ಕಿಸದೆ ಆ ಹಸಿ ಚಿತ್ರದ ಮುಂದೆ ಹೋಗಿ ನಿಂತಳು. ಬಗ್ಗಿ ಆ ಹಿಮ್ಮಡಿಯನ್ನೇ ನೋಡಿದಳು.

“ಸಾರ್… ಇದು ನಂದಕ್ಕಿಂತ ಚೆನ್ನಾಗಿದೆ.”

ಬ್ಲೇಡು ನೆಲಕ್ಕೆ ಬಿತ್ತು. ಮೇಷ್ಟ್ರು ಕುಕ್ಕರುಗಾಲಿನಲ್ಲಿ ಕುಸಿದು ಅತ್ತರು.

ಅವಳ ಚಿತ್ರವನ್ನು ಆಟೊಗೆ ಹಾಕಿಕೊಂಡು ಹೊರಟೆವು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ.

“ಪೊಲೀಸ್ ಕಂಪ್ಲೇಂಟು?”

“ಬೇಡ.”

ದಾರಿಯುದ್ದಕ್ಕೂ ಅವಳು ತನ್ನ ಚಿತ್ರವನ್ನು ಒಮ್ಮೆಯೂ ನೋಡಲಿಲ್ಲ. ಸಿಗ್ನಲ್ ಬಳಿ ಮೆಲ್ಲಗೆ ಕೇಳಿದಳು.

“ಶಶಿ ಸಾರ್… ಮೇಷ್ಟ್ರ ಮನೆ ಬೀಗ ಎಂಥದ್ದು, ನೋಡಿದ್ರಾ?”