ಹಸಿರು ಕನ್ನಡಿಯ ಕಾರು

"ನಿಮ್ಮ ಕಣ್ಣು ಎಲ್ಲಿಟ್ಟಿದ್ರಿ?"

ಅವಳು ಬಾಗಿಲು ತಟ್ಟಲಿಲ್ಲ, ತಳ್ಳಿದಳು. ಅದು ಗೋಡೆಗೆ ಬಡಿದು ವಾಪಸು ಬಂದು ಅವಳ ಮೊಣಕೈಗೇ ತಾಗಿತು. ಈಗ ಆ ನೋವಿಗೂ ಅವನೇ ಹೊಣೆ ಎನಿಸಿತು.

ಮೈಕಿನ ಮುಂದಿದ್ದವನು ಹೆಡ್‌ಫೋನ್ ಸರಿಸಿ ತಿರುಗಿದ. ರೇಸ್ ಆಗಷ್ಟೇ ಮುಗಿದಿತ್ತು. ಗಾಜಿನ ಕೋಣೆಯ ಕೆಳಗೆ ಜನ ಇನ್ನೂ ಕರಗಿರಲಿಲ್ಲ. ಈ ಕಾರ್ ರೇಸ್ ಸರಣಿಯ ಪ್ರತಿ ಸುತ್ತಿನಲ್ಲೂ, ಪ್ರತಿ ಮೈದಾನದಲ್ಲೂ ಧ್ವನಿವರ್ಧಕದಲ್ಲಿ ಕೇಳುವುದು ಇವನ ವಿವರಣೆಯೇ. ಅಭಿಮಾನಿಗಳು ಅವನಿಗೆ ಇಟ್ಟ ಹೆಸರು 'ಕಹಳೆ'.

ಇಷ್ಟು ಒಳ್ಳೆಯ ದನಿ... ಇಷ್ಟು ದೊಡ್ಡ ಸುಳ್ಳು ಎಂದುಕೊಂಡಳು.

"ಯಾರು ನೀವು?"

"ಟಿಕೆಟ್ ತಗೊಂಡು ಬಂದವಳು. ತಿರುವಲ್ಲಿ ಗುದ್ದಿದ್ದು ಕೆಂಪು ಕನ್ನಡಿ ಕಾರು. ನೀವು ಹಸಿರು ಅಂದ್ರಿ. ಅಳಿಯ ಮಾಡಿದ್ದನ್ನ ಅಜ್ಜನ ತಲೆಗೆ ಕಟ್ಟಿದ್ರಿ."

ಅವಳು ಹೇಳುತ್ತಿದ್ದುದು ಒಂದೇ ತಂಡದ ಎರಡು ಕಾರುಗಳ ಬಗ್ಗೆ. ರಸ್ತೆಯಲ್ಲಿ ಓಡುವ ಸಾಮಾನ್ಯ ಕಾರಿನ ಮೈ, ಒಳಗೆ ಮಾತ್ರ ರೇಸಿನ ಎಂಜಿನ್ನು. ಎರಡಕ್ಕೂ ಒಂದೇ ಬೂದು ಬಣ್ಣ. ನಂಬರು ಇರುವುದು ಬಾಗಿಲ ಮೇಲೆ. ಎದುರಿನಿಂದ ಬರುವಾಗ ಗುರುತು ಹಿಡಿಯಲು ಪಕ್ಕದ ಕನ್ನಡಿಗಳ ಬಣ್ಣವೊಂದೇ ಗತಿ. ಹಸಿರು ಕನ್ನಡಿಯ ಕಾರು ಓಡಿಸುತ್ತಿದ್ದವನು ಸರಣಿಯಲ್ಲೇ ಹಿರಿಯ, ಎಲ್ಲರ ಬಾಯಲ್ಲೂ 'ಅಜ್ಜ'. ಕೆಂಪು ಕನ್ನಡಿಯವನು ತಂಡದ ಮಾಲೀಕರ ಮಗಳ ಗಂಡ. ಅವನನ್ನು ಎಲ್ಲರೂ 'ಅಳಿಯ' ಎನ್ನುತ್ತಿದ್ದರು. ಹೊಸ ಟೈರು ಮೊದಲು ಯಾರ ಕಾರಿಗೆ ಹೋಗುತ್ತದೆ ಎಂಬುದು ಆ ಹೆಸರಿನಲ್ಲೇ ಇತ್ತು.

"ನಾನು ನೋಡಿದ್ದನ್ನ ಹೇಳ್ದೆ," ಅಂದ ಕಹಳೆ.

"ನೋಡಿದ್ದನ್ನಾ? ಹೇಳಿಸಿದ್ದನ್ನಾ?"

ಅವನ ಮುಖ ಒಮ್ಮೆಲೇ ಗಂಟಾಯಿತು.

"ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ."

ಅವಳು ಹಾಕಲಿಲ್ಲ.

*

ಅಕ್ಕನ ಗಂಡನ ಗ್ಯಾರೇಜಿನಲ್ಲಿ ಅವಳದು ಬಣ್ಣ ಬೆರೆಸುವ ಕೆಲಸ. ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲಿಗೆ ಹೊಸ ಬಣ್ಣ ಹೊಡೆದರೆ ಅದು ಹಳೆಯ ಬಣ್ಣದ ಪಕ್ಕದಲ್ಲಿ ತೇಪೆಯಂತೆ ಕಾಣಬಾರದು. ಬಿಸಿಲಿಗೆ ಮಾಸಿದ ಬಿಳಿ, ಹೊಗೆ ಕುಡಿದ ಬಿಳಿ, ಬರೀ ಹಳತಾದ ಬಿಳಿ, ಅವಳ ಕಣ್ಣಿಗೆ ಮೂರೂ ಬೇರೆ. ಗಾತ್ರದಲ್ಲಿ ಚಿಕ್ಕವಳು, ಕಾವು ತಗುಲಿದರೆ ಸಿಡಿಯುವವಳು. ಹಾಗಾಗಿ ಭಾವ ಅವಳಿಗೆ 'ಸಾಸಿವೆ' ಎಂದು ಹೆಸರಿಟ್ಟಿದ್ದರು.

"ಕೆಂಪಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗದೆ ಇರೋಕೆ ಅವನೇನು ಕುರುಡನಾ ಭಾವ? ದುಡ್ಡು ತಿಂದಿದಾನೆ."

"ತಿಂದಿರಬಹುದು. ನೀನು ಮಾತ್ರ ಊಟ ಮಾಡು. ಬೆಳಿಗ್ಗೆಯಿಂದ ಆ ಡಬ್ಬಿಯನ್ನೇ ಕಲಕ್ತಿದೀಯ, ಬಣ್ಣ ಹೆದರಿ ಬೆಳ್ಳಗಾಗಿದೆ."

ತೀರ್ಪುಗಾರರು ವಿಡಿಯೋ ನೋಡಿ ಅಳಿಯನಿಗೇ ದಂಡ ಹಾಕಿದ್ದರು. ಆದರೆ ಆ ತೀರ್ಪು ಕಚೇರಿಯ ಗೋಡೆಯ ಮೇಲೆ ಉಳಿಯಿತು. ಜನ ಕೇಳಿದ್ದು ಕಹಳೆಯನ್ನು. ಗುದ್ದಿಸಿಕೊಂಡವಳು ಅಂಕಪಟ್ಟಿಯಲ್ಲಿ ಮೊದಲಿದ್ದ ಚಾಲಕಿ, ಮೈದಾನದ ಕಣ್ಮಣಿ. ಅವಳ ಮಣಿಕಟ್ಟು ಮುರಿದು ಆ ವರ್ಷದ ಓಟವೇ ಮುಗಿದಿತ್ತು. ಮುಂದಿನ ಸುತ್ತಿನಲ್ಲಿ ಹಸಿರು ಕನ್ನಡಿ ಕಂಡಕೂಡಲೇ ಇಡೀ ಗ್ಯಾಲರಿ ಛೀ ಥೂ ಎಂದಿತು.

"ಮನೇಲಿ ಬಿದ್ಕೊಳೋ ಮುದುಕಾ," ಎಂದು ಸಾಸಿವೆಯ ಹಿಂದೆ ಕೂತವನು ಕಿರುಚಿದ.

ಅವಳು ತಿರುಗಿದಳು. ಭಾವ ಅವಳ ತೋಳು ಹಿಡಿದುಕೊಂಡರು.

ಸಾಸಿವೆಗೆ ಅಜ್ಜ ಇಷ್ಟವಾಗಿದ್ದು ಅವನು ಗೆಲ್ಲುತ್ತಾನೆಂದಲ್ಲ. ಈ ಆಟದಲ್ಲಿ ಸವರಿಕೊಂಡು, ತಳ್ಳಿಕೊಂಡು ಮುಂದೆ ಹೋಗುವುದು ಎಲ್ಲರ ರೂಢಿ. ಅಜ್ಜ ಮಾತ್ರ ಮುಟ್ಟದೆ ದಾಟುತ್ತಿದ್ದ. ಕಾಯುತ್ತಿದ್ದ, ಸಂದು ಸಿಕ್ಕಾಗ ನುಗ್ಗುತ್ತಿದ್ದ. ಅಂಥವನ ಹೆಸರಿಗೆ ಈ ಮಸಿ...

*

ರೇಸು ಮುಗಿದ ಮೇಲೆ ಮತ್ತೆ ಜಗಳಕ್ಕೆಂದೇ ಗಾಜಿನ ಕೋಣೆಯತ್ತ ಹೊರಟಿದ್ದಳು. ಆದರೆ ಚಹಾ ಅಂಗಡಿಯ ಬಳಿ ಕಹಳೆಯೇ ಎದುರಾದ. ಕೈಯಲ್ಲಿ ಎರಡು ಲೋಟ.

"ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದು ಒಂದನ್ನು ಚಾಚಿದ.

"ವಿಷ ಹಾಕಿದೀರಾ?"

"ಸಕ್ಕರೆನೂ ಹಾಕಿಲ್ಲ. ನಿಮಗೆ ಬೇಡ ಅನ್ಸ್ತು."

ನಗು ಬಂತು. ನುಂಗಿಕೊಂಡಳು.

"ತಪ್ಪು ಹೇಳಿದೆ ಅಂತ ಆಮೇಲೆ ಗೊತ್ತಾಯ್ತು," ಅವನ ದನಿ ತಗ್ಗಿತು. "ಅಜ್ಜ ಬ್ರೇಕ್ ಹಾಕಿದ್ರೆ ಕಾರು ಮುಗ್ಗರಿಸಲ್ಲ, ಹಾಗೇ ಕೂತ್ಕೊಳ್ಳತ್ತೆ. ಹಸು ಮಲಗೋ ಹಾಗೆ. ನೂರು ಕಾರಲ್ಲೂ ಗುರುತು ಹಿಡೀತೀನಿ. ಆವತ್ತು ಆ ಕಾರೂ ಹಾಗೇ ಕೂತ್ಕೊಳ್ತು. ಅದಕ್ಕೇ ಅಜ್ಜ ಅಂದೆ. ವಿಚಾರಿಸಿದ್ರೆ, ಆ ವಾರ ಪೂರ್ತಿ ಅಜ್ಜನೇ ಅಳಿಯಂಗೆ ಬ್ರೇಕ್ ಹಾಕೋದು ಹೇಳಿಕೊಟ್ಟಿದ್ದಂತೆ."

ಅಜ್ಜನ ಕಾರು ಕೂರುವ ರೀತಿಯನ್ನು ತಾನೊಬ್ಬಳೇ ಗಮನಿಸಿದ್ದೇನೆ ಎಂದು ಇಷ್ಟು ವರ್ಷ ನಂಬಿದ್ದಳು. ಎದೆಯೊಳಗೆ ಏನೋ ಸಡಿಲವಾದಂತಾಯಿತು... ಆ ಸಡಿಲದ ಮೇಲೂ ಅವಳಿಗೆ ಕೋಪ ಬಂತು.

"ಹಾಗಾದ್ರೆ ಮೈಕಲ್ಲೇ ಹೇಳಿ. ತಪ್ಪಾಯ್ತು ಅನ್ನಿ. ಎಲ್ಲಿ ಹೇಳಿದ್ರೋ ಅಲ್ಲೇ."

"ಮುಂದಿನ ಸುತ್ತಲ್ಲಿ ಹೇಳ್ತೀನಿ."

ಆ ವಾರವೆಲ್ಲ ಬಣ್ಣ ಕಲಕುತ್ತಾ ಅವನ ಮಾತು ನೆನೆದು ನಕ್ಕಳು. ಭಾವ ನೋಡಿಯೂ ನೋಡದಂತಿದ್ದರು.

ಮುಂದಿನ ಸುತ್ತಿನಲ್ಲಿ ಅವನು ಹೇಳಲಿಲ್ಲ.

ಟೈರು, ಗಾಳಿ, ತಿರುವು, ಎಲ್ಲದರ ಬಗ್ಗೆಯೂ ಹೇಳಿದ, ಅದೊಂದನ್ನು ಬಿಟ್ಟು. ಬೇಲಿಯ ಆಚೆ ಅಜ್ಜ ಹೆಲ್ಮೆಟ್ ತೆಗೆದು ಜನರತ್ತ ಕೈ ಎತ್ತಿದಾಗ ಯಾರೋ ಖಾಲಿ ಬಾಟಲಿ ಎಸೆದರು. ಅಜ್ಜ ಅದನ್ನು ಎತ್ತಿ ಕಸದ ಡಬ್ಬಿಗೆ ಹಾಕಿ ಒಳಗೆ ಹೋದ. ಈ ಸರಣಿ ಮುಗಿದ ಮೇಲೆ ಅವನು ಓಡಿಸುವುದಿಲ್ಲ ಎಂಬ ಸುದ್ದಿ ಆ ಸಂಜೆಯೇ ಬಂತು.

ಅವಳು ಕಹಳೆಯನ್ನು ಹುಡುಕಿಕೊಂಡು ಹೋದಳು. ತಂಡದ ಮಾಲೀಕರು ಅವನ ಹೆಗಲ ಮೇಲೆ ಕೈ ಹಾಕಿದ್ದರು.

"ಆಗಿದ್ದು ಆಗ್ಹೋಯ್ತು, ಹಾಗೇ ಇರ್ಲಿ ಬಿಡಿ," ಎನ್ನುತ್ತಿದ್ದರು ಮಾಲೀಕರು. "ಮುಂದಿನ ವರ್ಷವೂ ನೀವೇ ಇರ್ಬೇಕು."

ಅವನು ಹೂಂ ಎಂಬಂತೆ ತಲೆಯಾಡಿಸಿದ.

ಮಾಲೀಕರು ಹೋಗುವವರೆಗೂ ಅವಳು ಕಾದಳು. ಬೈಗುಳಗಳೆಲ್ಲ ಬಾಯಿಯವರೆಗೆ ಬಂದಿದ್ದವು. ಆದರೆ ಅವನ ಮುಂದೆ ನಿಂತಾಗ ಒಂದೇ ಮಾತು ಹೊರಬಂತು.

"ನಾಲಿಗೆ ಮಾರ್ಕೊಂಡಿದೀರಿ."

"ಹಾಗಲ್ಲ... ಒಂದು ನಿಮಿಷ ಕೇಳಿ."

"ಕೇಳಿದೀನಿ. ಇಡೀ ಮಧ್ಯಾಹ್ನ ಧ್ವನಿವರ್ಧಕದ ಕೆಳಗೇ ಕೂತು ಕೇಳಿದೀನಿ."

*

ಕೊನೆಯ ಸುತ್ತಿಗೆ ಮುಂಚೆ ಕಹಳೆ ವಿಚಾರಿಸಿಕೊಂಡು ಗ್ಯಾರೇಜಿಗೇ ಬಂದ. ತನ್ನ ಹಸಿರು ಕಾರಿನ ಬಾಗಿಲಿಗೆ ಗೀರು ಬಿದ್ದಿದೆ ಎಂಬುದು ನೆಪ. ಗೀರನ್ನು ನೋಡಿದ ಭಾವ, "ಇದನ್ನ ನಾಣ್ಯದಲ್ಲಿ ಗೀಚಿದ ಹಾಗಿದೆಯಲ್ಲ ಸ್ವಾಮಿ," ಎಂದು ಹೇಳಿ, ಕೆಮ್ಮಿ, ಹಿಂದಿನ ಶೆಡ್ಡಿಗೆ ಹೋದರು.

ಸಾಸಿವೆ ತಲೆ ಎತ್ತಲಿಲ್ಲ. ಕೈಗವಸು ಹಾಕಿಕೊಂಡು ಗೀರು ಉಜ್ಜತೊಡಗಿದಳು. ಉಜ್ಜುವುದರಲ್ಲೂ ಸಿಟ್ಟಿತ್ತು.

"ಅಲ್ಲಿ ಮೇಜಿನ ಮೇಲೆ ಬಣ್ಣದ ಮಾದರಿ ತಗಡು ಇದೆ. ಹಸಿರುದು ಕೊಡಿ."

ಮೇಜಿನ ಮೇಲೆ ಎರಡು ತಗಡುಗಳಿದ್ದವು. ಒಂದು ಕಡು ಹಸಿರು, ಒಂದು ಇಟ್ಟಿಗೆ ಕೆಂಪು. ಅವನು ತಡೆದ. ಎರಡನ್ನೂ ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಒಂದನ್ನು ಚಾಚಿದ.

ಕೆಂಪು ತಗಡು.

ಅವಳ ಕೈ ನಿಂತಿತು. ತಮಾಷೆಯೇನೋ ಎಂದು ಮುಖ ನೋಡಿದಳು. ಅವನ ಮುಖ ಹೆದರಿದವನ ಮುಖವಾಗಿತ್ತು.

"ತಪ್ಪಾ?" ಅಂದ.

"ಎರಡೂ... ಒಂದೇ ಥರ ಕಾಣತ್ತಾ?"

"ಒಣಗಿದ ಎಲೆ ಥರ. ಒಂದು ಸ್ವಲ್ಪ ಹೆಚ್ಚು ಒಣಗಿದ ಹಾಗೆ. ಹುಟ್ಟಿದಾಗಿಂದ ಹೀಗೇ."

ಕನ್ನಡಿಗಳ ಬಣ್ಣ ಅವನಿಗೆ ಯಾವತ್ತೂ ಕಂಡೇ ಇರಲಿಲ್ಲ. ಕಾರು ಹೇಗೆ ಕೂರುತ್ತದೆ, ಹೇಗೆ ವಾಲುತ್ತದೆ ಎಂಬುದರಿಂದಲೇ ಇಷ್ಟು ವರ್ಷ ಚಾಲಕರನ್ನು ಗುರುತಿಸಿದ್ದ. ಒಂದು ಸಲ ಮಾತ್ರ, ಶಿಷ್ಯ ಗುರುವಿನಂತೆ ಬ್ರೇಕ್ ಹಾಕಿದಾಗ, ಏಮಾರಿದ್ದ.

ದುಡ್ಡು ತಿಂದವನಲ್ಲ. ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಭಾವನೆದುರು ಅವನನ್ನು ಕುರುಡನಾ ಎಂದಿದ್ದು ನೆನಪಾಗಿ ನಾಚಿಕೆಯಾಯಿತು. ನಾಚಿಕೆ ಅವಳಲ್ಲಿ ಹೆಚ್ಚು ಹೊತ್ತು ನಾಚಿಕೆಯಾಗಿ ಉಳಿಯುತ್ತಿರಲಿಲ್ಲ.

"ಇದನ್ನ ಆವತ್ತೇ ಹೇಳೋಕೆ ಏನಾಗಿತ್ತು?"

"ಹೇಗೆ ತಪ್ಪಿತು ಅಂತ ಕೇಳ್ತಾರೆ. ಬಣ್ಣ ಕಾಣದವನಿಗೆ ಮೈಕ್ ಯಾರು ಕೊಡ್ತಾರೆ? ನನಗೆ ಬೇರೆ ಏನೂ ಬರಲ್ಲ. ಮಾಲೀಕರು ಹಾಗೇ ಇರ್ಲಿ ಅಂದಾಗ... ಸಮಾಧಾನ ಆಯ್ತು. ದುಡ್ಡು ಕೊಡ್ಲಿಲ್ಲ ಅವ್ರು. ಆದ್ರೆ ಸಮಾಧಾನ ತಗೊಂಡೆ ನಾನು."

"ನಿಮ್ಮ ಮೈಕ್ ಉಳೀಲಿ ಅಂತ ಆ ಮನುಷ್ಯ ಉಗುಳಿಸಿಕೊಂಡು ಹೋಗ್ಬೇಕಾ? ಕಣ್ಣಿಗೆ ಕಾಣದೇ ಇರೋದು ನಿಮ್ಮ ತಪ್ಪಲ್ಲ. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದು ನಿಮ್ಮದೇ."

ಅವಳು ಮೇಜಿನ ಬಳಿಗೆ ತಾನೇ ಹೋಗಿ ಹಸಿರು ತಗಡು ತಂದುಕೊಂಡಳು. ಗೀರು ಎಲ್ಲಿತ್ತೆಂದು ತಿಳಿಯದಂತೆ ಬಣ್ಣ ಹೊಡೆದು ಕಳಿಸಿದಳು.

ಅವನು ಹೋದ ಮೇಲೆ ಭಾವ ಬಂದರು. ಶೆಡ್ಡಿನ ಗೋಡೆ ತಗಡಿನದು, ಅವರಿಗೆಲ್ಲ ಕೇಳಿಸಿತ್ತು.

"ನಾವೇ ಸಂಘಟಕರಿಗೆ ತಿಳಿಸಿಬಿಡೋಣವಾ? ಅಜ್ಜನ ಹೆಸರು ಶುದ್ಧವಾಗತ್ತೆ."

ಅವಳು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದಳು.

"ಬೇಡ ಭಾವ. ಅದು ಅವರ ಬಾಯಿಂದಲೇ ಬರ್ಬೇಕು."

"ಬರದಿದ್ರೆ?"

"ಬರದಿದ್ರೆ ಅವ್ರನ್ನ ಮರೆತುಬಿಡ್ತೀನಿ."

ಭಾವ ಅವಳ ಮುಖ ನೋಡಿ, ಈ ಸಲ ತಮಾಷೆ ಮಾಡಲಿಲ್ಲ.

*

ಕೊನೆಯ ಸುತ್ತಿನ ದಿನ ಗ್ಯಾಲರಿ ತುಂಬಿತ್ತು. ಕಾರುಗಳು ಸಾಲಾಗಿ ನಿಲ್ಲುವ ಮುನ್ನ ಒಂದು ಸುತ್ತು ನಿಧಾನವಾಗಿ ಬಂದವು. ಹಸಿರು ಕನ್ನಡಿ ಕಾಣುತ್ತಲೇ ಕೂಗು ಎದ್ದಿತು. ಅಜ್ಜನ ಕೊನೆಯ ರೇಸಿಗೆ ಇದು ಬೀಳ್ಕೊಡುಗೆ.

ಸಾಸಿವೆ ಕೂಗುವವರನ್ನು ನೋಡಲಿಲ್ಲ. ಧ್ವನಿವರ್ಧಕದ ಕಂಬವನ್ನೇ ದಿಟ್ಟಿಸಿದಳು.

ಹೇಳು... ಹೇಳಬಾರದಾ...

ಕಹಳೆ ಚಾಲಕರ ಪರಿಚಯ ಹೇಳುತ್ತಾ ಬಂದ. ಅಜ್ಜನ ಸರದಿ ಬಂದಾಗ ದನಿ ನಿಂತಿತು. ಮೈಕಿನ ಗೊರಗೊರ ಮಾತ್ರ ಕೇಳಿಸಿತು. ಯಾರೋ "ಕರೆಂಟು ಹೋಯ್ತು" ಅಂದರು.

"ನೀವು ಇವರನ್ನ ಬೈತಿರೋದು ನನ್ನ ಮಾತು ನಂಬಿ," ಎಂದಿತು ದನಿ. "ಆ ಮಾತು ಸುಳ್ಳು. ಆವತ್ತು ಗುದ್ದಿದ್ದು ಹಸಿರು ಕನ್ನಡಿ ಕಾರಲ್ಲ. ನನಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣತ್ತೆ. ಅದನ್ನ ಮುಚ್ಚಿಟ್ಟು ಕೆಲಸ ತಗೊಂಡೆ. ತಪ್ಪು ಗೊತ್ತಾದ ಮೇಲೂ ಹೆದರಿ ಸುಮ್ಮನಿದ್ದೆ. ಬೈಯೋದಿದ್ರೆ ಈ ಗಾಜಿನ ಕೋಣೆ ಕಡೆ ತಿರುಗಿ ಬೈರಿ."

ಕೆಲವರು ತಿರುಗಿ ಬೈದರು. ಕೆಲವರು ನಕ್ಕರು. ಅಜ್ಜನಿಗೆ ಇದೊಂದೂ ಕೇಳಿಸಲಿಲ್ಲ. ಅವನು ಹೆಲ್ಮೆಟ್ಟಿನೊಳಗೆ, ಎಂಜಿನ್ನಿನ ಸದ್ದಿನೊಳಗೆ ಇದ್ದ. ಆದರೆ ರೇಸು ಶುರುವಾಗಿ ಅವನು ಮತ್ತೆ ಗ್ಯಾಲರಿಯ ಮುಂದೆ ಹಾದಾಗ ಯಾರೂ ಕೂಗಲಿಲ್ಲ. ಅದರ ಮುಂದಿನ ಸಲ ಒಂದು ಮೂಲೆಯಲ್ಲಿ ಚಪ್ಪಾಳೆ ಕೇಳಿಸಿತು. ಅಜ್ಜ ಗೆಲ್ಲಲಿಲ್ಲ. ಕೊನೆಯ ತಿರುವಿನಲ್ಲಿ ಅಳಿಯನನ್ನೇ, ಮುಟ್ಟದೆ, ದಾಟಿದ.

ರೇಸಿನ ಅರ್ಧದಲ್ಲೇ ಧ್ವನಿವರ್ಧಕದಿಂದ ಬೇರೆ ಯಾರದೋ ದನಿ ಬರತೊಡಗಿತ್ತು. ಸಾಸಿವೆ ಆಗಲೇ ಎದ್ದು ಹೋಗಬೇಕೆಂದಿದ್ದಳು. ಅಜ್ಜನ ಕೊನೆಯ ಓಟ ಬಿಟ್ಟು ಹೋಗಲು ಕಾಲು ಬರಲಿಲ್ಲ.

*

ಜನ ಹೊರಡುವ ಗಲಾಟೆಯಲ್ಲಿ ಕಹಳೆ ತನ್ನ ಕಾರಿಗೆ ಒರಗಿ ನಿಂತಿದ್ದ.

"ತೆಗೆದುಹಾಕಿದ್ರಾ?" ಕೇಳಿದಳು.

"ರೇಸು ಮುಗಿಸೋಕೂ ಬಿಡ್ಲಿಲ್ಲ."

"ತಪ್ಪಾಯ್ತು ಅಂದಿದ್ರೆ ಸಾಕಾಗಿತ್ತು. ಕಣ್ಣಿನ ವಿಷಯ ಯಾಕೆ ಹೇಳಿದ್ರಿ? ನಿಮಗೆ ಯಾವುದಕ್ಕೂ ಅಳತೆಯೇ ಇಲ್ವಾ?"

ಅವಳ ದನಿ ಒಡೆಯಿತು. ಆ ಒಡಕಿಗೂ ಅವಳಿಗೆ ಸಿಟ್ಟು ಬಂತು.

"ಅರ್ಧ ಹೇಳಿದ್ರೆ ಮತ್ತೆ ಬಂದು ಬಾಗಿಲು ಒಡೀತಿದ್ರಿ," ಅವನು ನಕ್ಕ. "ಹೋಗ್ಲಿ ಬಿಡಿ. ಇನ್ಮೇಲೆ ನಾನು ಯಾರೂ ಅಲ್ಲ. ಟಿಕೆಟ್ ತಗೊಂಡು ಬರೋ ಬರೀ ಪ್ರೇಕ್ಷಕ."

"ಬರೀ ಅಂದ್ರೆ? ಬಿಸಿಲಲ್ಲಿ ಕೂತು ನೋಡೋರು ಯಾರೂ ಅಲ್ವಾ? ಇಷ್ಟು ವರ್ಷ ನಾನು ಯಾರೂ ಅಲ್ವಾ?"

"ನನಗೆ ನೀವೇ ಎಲ್ಲ," ಎಂದುಬಿಟ್ಟ ಅವನು.

ಅವಳಿಗೆ ಮುಂದಿನ ಬೈಗುಳ ಮರೆತುಹೋಯಿತು. ದೂರದಲ್ಲಿ ಭಾವ ಕಾರಿನ ಹಾರ್ನ್ ಒತ್ತಿ, ಏನೋ ಅರ್ಥವಾದವರಂತೆ ಕೈ ತೆಗೆದರು.

"ಮುಂದಿನ ವರ್ಷ... ನಿಮ್ಮ ಪಕ್ಕ ಜಾಗ ಇರತ್ತಾ?"

"ಭಾವ ಕೂತ್ಕೊಳ್ತಾರೆ."

"ಇನ್ನೊಂದು ಪಕ್ಕ?"

"ಅಲ್ಲಿ ಬಿಸಿಲು ಜಾಸ್ತಿ."

"ಪರವಾಗಿಲ್ಲ. ಆದ್ರೆ ನನಗೆ ಬಣ್ಣ ಹೇಳ್ಕೊಡೋಕೆ ಬರ್ಬೇಡಿ. ಕಾರು ನಾನೇ ಗುರುತು ಹಿಡೀತೀನಿ."

"ತಪ್ಪು ಹೇಳಿದ್ರೆ ನಿನ್ನನ್ನ ಅಲ್ಲೇ ಎಲ್ಲರೆದುರೂ ಬೈತೀನಿ."

ಅವನು ತಟ್ಟನೆ ನೇರವಾಗಿ ನಿಂತ.

"ಈಗ 'ನಿನ್ನನ್ನ' ಅಂದ್ರಿ. ಕೋಪಕ್ಕಾ?"

ಅವಳು ಮುಖ ತಿರುಗಿಸಿದಳು. ಕಿವಿಯವರೆಗೂ ಏರಿದ ಬಣ್ಣ ಅವನಿಗೆ ಕಾಣುವುದಿಲ್ಲ ಎಂಬ ಧೈರ್ಯವಿತ್ತು.

"ಅಲ್ಲ," ಅಂದಳು.